ಬೊಗಳಿದವನೇ ತಂಟೆಕೋರ

ಹಾಸ್ಟೆಲಿನ ನಮ್ಮ ಕೋಣೆಯಲ್ಲಿ ರಾತ್ರಿ ಹನ್ನೊಂದಾದ ಮೇಲೆ ಒಬ್ಬ ಕ್ರಿಕೆಟ್ ನೋಡುತ್ತಾನೆ, ಇನ್ನೊಬ್ಬ ಕೊರಿಯನ್ ಸೀರಿಯಲ್ ನೋಡುತ್ತಾನೆ. ನಾನು ಅಮೆರಿಕದ ಕಯೋಟಿ ಬೇಟೆಗಾರರ ವಿಡಿಯೊ ನೋಡುತ್ತೇನೆ. ಬಿ.ಇ. ಮೂರನೇ ವರ್ಷದಲ್ಲಿ ಎರಡು ಬ್ಯಾಕ್‌ಲಾಗ್ ಇಟ್ಟುಕೊಂಡವನಿಗೆ ನೆಬ್ರಾಸ್ಕಾದ ಹುಲ್ಲುಗಾವಲಲ್ಲಿ ಏನು ಕೆಲಸ ಎಂದು ರೂಮ್‌ಮೇಟ್ ಕೇಳಿಯೂ ಆಗಿದೆ. ಕೆಲಸ ಇದೆ. ಹೋದ ಯುಗಾದಿಯಲ್ಲಿ ನಮ್ಮೂರ ಹೊಲದಲ್ಲಿ ನಡೆದ ಒಂದು ಸಂಗತಿ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಆ ವಿಡಿಯೊಗಳಿಗೆ ಅಂಟಿಕೊಂಡೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಕಯೋಟಿ.

ಕಯೋಟಿ ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಸಣ್ಣದು. ಅದನ್ನು ಹೊಡೆಯುವವರು ಹಿಂದೆ ಓಡುವುದಿಲ್ಲ, ಕರೆಯುತ್ತಾರೆ. ಪೊದೆಗೆ ಬೆನ್ನು ಕೊಟ್ಟು ಕೂತು, ಸ್ವಲ್ಪ ದೂರದಲ್ಲಿ ಒಂದು ಸ್ಪೀಕರ್ ಇಟ್ಟು, ಸಾಯುತ್ತಿರುವ ಮೊಲದ ಕೂಗನ್ನು ಹಾಕುತ್ತಾರೆ. ಹಸಿದ ಕಯೋಟಿ ಎಲ್ಲಿಂದಲೋ ಪ್ರತ್ಯಕ್ಷವಾಗುತ್ತದೆ. ಆದರೆ ನೇರವಾಗಿ ಬರುವುದಿಲ್ಲ. ಸುತ್ತು ಹಾಕಿ ಗಾಳಿ ತನ್ನ ಮೂಗಿಗೆ ಬೀಸುವ ಕಡೆಗೆ ಹೋಗುತ್ತದೆ. ಅಲ್ಲಿ ಮನುಷ್ಯನ ವಾಸನೆ ಸಿಕ್ಕಿತೋ, ಅಥವಾ ಕೈ ಅಲುಗಿದ್ದು ಕಂಡಿತೋ, ನಿಂತಲ್ಲೇ ನಿಂತು ಬೊಗಳುತ್ತದೆ. ಬೊಗಳಿ, ಊಳಿಟ್ಟು, ಮತ್ತೆ ಬೊಗಳುತ್ತದೆ. ಅಲ್ಲಿಗೆ ಆಟ ಮುಗಿಯಿತು. ಸುತ್ತಲಿನ ಕಯೋಟಿಗಳಿಗೆಲ್ಲ ಸುದ್ದಿ ಮುಟ್ಟಿರುತ್ತದೆ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎನ್ನುವುದು ಆ ಬೇಟೆಗಾರರಲ್ಲಿ ಮುಗಿಯದ ಚರ್ಚೆ. ಹೊಸಬರು ಸಿಟ್ಟಿಗೆದ್ದು ದೂರದಿಂದಲೇ ಗುಂಡು ಹಾರಿಸುತ್ತಾರೆ. ಹಳಬರು ಹೇಳುವುದು ಬೇರೆ: ಸುಮ್ಮನೆ ಕೂರು, ಸದ್ದಿಲ್ಲದೆ ಎದ್ದು ಹೋಗು, ಕೆಲವು ವಾರ ಬಿಟ್ಟು ಬೇರೆ ದಿಕ್ಕಿನಿಂದ, ಬೇರೆ ಸದ್ದಿನೊಂದಿಗೆ ಬಾ. ವಸಂತದಲ್ಲಿ ಬೊಗಳಿದರೆ ಅದು ಬರೀ ಭಯವಲ್ಲ, ಹತ್ತಿರದಲ್ಲೇ ಬಿಲವಿದೆ, ಮರಿಗಳಿವೆ ಎಂದರ್ಥ. ಒಂದು ಪ್ರಾಣಿಯ ಬೊಗಳಿಕೆಯನ್ನು ಇಷ್ಟು ಬಿಡಿಸಿ ಓದುವ ಜನರ ಬಗ್ಗೆ ನನಗೆ ಗೌರವ ಹುಟ್ಟಿದ್ದು ನಿಜ, ಅವರು ಅದನ್ನು ಕೊಲ್ಲಲು ಓದುತ್ತಾರೆ ಎಂದು ಗೊತ್ತಿದ್ದೂ.

ಕಯೋಟಿಯ ಶಾಸ್ತ್ರೀಯ ಹೆಸರು ಕ್ಯಾನಿಸ್ ಲ್ಯಾಟ್ರಾನ್ಸ್. ಬೊಗಳುವ ನಾಯಿ ಎಂದು ಅರ್ಥ. 1819ರಲ್ಲಿ ಸ್ಟೀಫನ್ ಲಾಂಗ್ ಎಂಬ ಸೇನಾ ಎಂಜಿನಿಯರನ ನೇತೃತ್ವದಲ್ಲಿ ಹೊರಟ ತಂಡ ಮಿಸೌರಿ ನದಿಯ ದಂಡೆಯಲ್ಲಿ ಚಳಿಗಾಲಕ್ಕೆ ಬೀಡುಬಿಟ್ಟಿತ್ತು. ಆ ತಂಡದಲ್ಲಿದ್ದ ನಿಸರ್ಗ ವಿಜ್ಞಾನಿ ಥಾಮಸ್ ಸೇ 1823ರಲ್ಲಿ ಈ ಹೆಸರು ಕೊಟ್ಟ. ಆ ಬೀಡಿನ ಹೆಸರು ‘ಎಂಜಿನಿಯರ್ ಕಂಟೋನ್ಮೆಂಟ್’. ಎಂಜಿನಿಯರುಗಳು ನಾಯಿಯ ಬೊಗಳಿಕೆ ಕೇಳಿಸಿಕೊಂಡ ಉದಾಹರಣೆ ಚರಿತ್ರೆಯಲ್ಲಿ ಒಂದಾದರೂ ಇದೆ ಎಂದು ರೂಮ್‌ಮೇಟ್‌ಗೆ ಹೇಳಿದೆ. ಅವನು ಮಗ್ಗಲು ಬದಲಿಸಿ ಮಲಗಿದ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಆ ಬೇಟೆಗಾರರ ಇನ್ನೊಂದು ತಲೆನೋವು. ಅದು ಕಯೋಟಿಯದ್ದಲ್ಲ, ಅವರದೇ ನಡುವಿನ ತಂಟೆಕೋರರದ್ದು. ಬೇರೆಯವರ ಜಮೀನಿಗೆ ಕೇಳದೆ ನುಗ್ಗಿ, ಗೇಟು ತೆರೆದಿಟ್ಟು ದನ ಹೊರಗೆ ಹೋಗುವಂತೆ ಮಾಡುವವರು. ಗಾಡಿಯಿಂದಿಳಿಯದೆ ರಸ್ತೆಯಿಂದಲೇ ಗುಂಡು ಹೊಡೆಯುವವರು. ಏನೆಂದು ಖಾತ್ರಿ ಮಾಡಿಕೊಳ್ಳದೆ ಟ್ರಿಗರ್ ಎಳೆದು ಯಾರದೋ ಸಾಕುನಾಯಿಯನ್ನು ಕೆಡವುವವರು. ಬಹುತೇಕ ರಾಜ್ಯಗಳಲ್ಲಿ ಕಯೋಟಿಯನ್ನು ವರ್ಷವಿಡೀ, ಎಷ್ಟು ಬೇಕಾದರೂ ಹೊಡೆಯಬಹುದು. ಮಿತಿ ಹಾಕುವ ಕಾನೂನೇ ಇಲ್ಲದ ಕಡೆ ಮಿತಿ ಎನ್ನುವುದು ಬೇಟೆಗಾರನ ಒಳಗೇ ಇರಬೇಕು. ಎಲ್ಲರ ಒಳಗೂ ಅದು ಇರುವುದಿಲ್ಲ.

ಇದರ ಬೆಲೆ ಎಷ್ಟು ಎನ್ನುವುದಕ್ಕೆ ನಾರ್ತ್ ಕೆರೊಲಿನಾವನ್ನು ನೋಡಬೇಕು. ಕೆಂಪು ತೋಳ ಎಂಬ ಅತಿ ಅಪರೂಪದ ಪ್ರಾಣಿ ಇಂದು ಕಾಡಿನಲ್ಲಿ ಸ್ವತಂತ್ರವಾಗಿ ಉಳಿದಿರುವುದು ಆ ರಾಜ್ಯದ ಪೂರ್ವದ ಅಂಚಿನಲ್ಲಿ ಮಾತ್ರ. ನೋಡಲು ಕಯೋಟಿಯಂತೆಯೇ ಕಾಣುತ್ತದೆ. ‘ಕಯೋಟಿ ಅಂದುಕೊಂಡೆ’ ಎಂದು ಹೇಳಿ ಹೊಡೆದವರು ಹೆಚ್ಚಾದಾಗ ವಿಷಯ ಕೋರ್ಟಿಗೆ ಹೋಯಿತು. 2014ರಲ್ಲಿ ಕೋರ್ಟು ಆ ತೋಳಗಳಿರುವ ಐದು ಕೌಂಟಿಗಳಲ್ಲಿ ಕಯೋಟಿ ಬೇಟೆಗೇ ತಡೆ ಹಾಕಿತು. ಕೆಲವರ ಬೆರಳಿನ ಅವಸರಕ್ಕೆ ಎಲ್ಲರ ಬಂದೂಕೂ ಮನೆಯಲ್ಲಿ ಕೂತಿತು.

ಇನ್ನೊಂದು ಘಟನೆ 2024ರ ಫೆಬ್ರುವರಿಯದು, ವಯೋಮಿಂಗ್ ರಾಜ್ಯದ್ದು. ಆ ರಾಜ್ಯದ ಬಹುಭಾಗದಲ್ಲಿ ತೋಳವನ್ನೂ ಕಯೋಟಿಯಂತೆ ಯಾವಾಗ ಬೇಕಾದರೂ ಕೊಲ್ಲಬಹುದು. ಒಬ್ಬಾತ ಹಿಮದ ಮೇಲೆ ಓಡುವ ಗಾಡಿಯಿಂದ ತೋಳಕ್ಕೆ ಗುದ್ದಿ, ಅರೆಜೀವವಾದ ಅದರ ಬಾಯಿಗೆ ಟೇಪು ಸುತ್ತಿ, ಬಾರಿಗೆ ಕರೆತಂದು ಪ್ರದರ್ಶನಕ್ಕಿಟ್ಟು, ಆಮೇಲೆ ಕೊಂದ. ಆಗ ಬಿದ್ದ ದಂಡ 250 ಡಾಲರ್, ಅದೂ ಜೀವಂತ ವನ್ಯಪ್ರಾಣಿಯನ್ನು ಇಟ್ಟುಕೊಂಡಿದ್ದಕ್ಕೆ. ಚಿತ್ರ ಹೊರಬಿದ್ದಾಗ ಪ್ರಾಣಿದಯೆಯವರಷ್ಟೇ ಅಲ್ಲ, ಬೇಟೆಗಾರರೂ ಕೆಂಡವಾದರು. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಆ ಬಾರಿನಲ್ಲಿ ಬೇರೆ ಜನರೂ ಇದ್ದರು. ಫೋಟೊ ತೆಗೆದ ಕೈ ಯಾರದೋ ಒಬ್ಬರದು.

ಆಲ್ಡೊ ಲಿಯೊಪೋಲ್ಡ್ ಎಂಬ ಅರಣ್ಯಾಧಿಕಾರಿ, ತಾನೂ ಬೇಟೆಗಾರ, 1949ರಲ್ಲಿ ಬಂದ ತನ್ನ ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಪುಸ್ತಕದಲ್ಲಿ ಒಂದು ಮಾತು ಹೇಳುತ್ತಾನೆ. ಬೇಟೆಗಾರನಿಗೆ ಚಪ್ಪಾಳೆ ತಟ್ಟಲೋ ಛೀಮಾರಿ ಹಾಕಲೋ ಗ್ಯಾಲರಿಯಲ್ಲಿ ಪ್ರೇಕ್ಷಕರು ಇರುವುದಿಲ್ಲ, ಆದ್ದರಿಂದ ಅವನ ನಡತೆಯನ್ನು ಅವನ ಮನಸ್ಸಾಕ್ಷಿಯೇ ತೀರ್ಮಾನಿಸಬೇಕು ಎನ್ನುವುದು ಅದರ ತಾತ್ಪರ್ಯ. ಅವನ ಕಾಲಕ್ಕೆ ಅದು ನಿಜ. ಈಗ ಗ್ಯಾಲರಿ ಎಲ್ಲರ ಜೇಬಿನಲ್ಲಿದೆ. ಅದು ಛೀಮಾರಿ ಹಾಕುವುದು ಅಪರೂಪ, ಚಪ್ಪಾಳೆಯೇ ಜಾಸ್ತಿ.

ಈಗ ನಮ್ಮೂರಿಗೆ ಬರುತ್ತೇನೆ.

ನಮ್ಮ ಕಡೆ ಯುಗಾದಿಯ ಮರುದಿನ ಕರಿ. ಅಂದು ಬೆಳಗಿನ ಜಾವ ಕೆಲವು ಹುಡುಗರು ನಾಯಿ ಬಿಟ್ಟುಕೊಂಡು ಮೊಲಕ್ಕೆ ಹೋಗುತ್ತಾರೆ. ಮುಧೋಳ ನಾಯಿ ಎಂದರೆ ನಮಗೆ ಹೆಮ್ಮೆ, ಅಂಚೆಚೀಟಿಯ ಮೇಲೆ ಬಂದ ನಾಯಿ, ಸೇನೆ ತರಬೇತಿಗೆ ಕರೆದೊಯ್ದ ನಾಯಿ. ಹೋದ ವರ್ಷ ನನ್ನ ಚಿಕ್ಕಪ್ಪನ ಮಗ ಕರೆದ. ಅವನು ನನಗಿಂತ ಮೂರು ವರ್ಷ ದೊಡ್ಡವನು, ಪೊಲೀಸ್ ಪೇದೆ ಪರೀಕ್ಷೆಗೆ ಓದುತ್ತಿದ್ದಾನೆ. “ತಮ್ಮಾ, ನೀ ಬರೀ ಮೊಬೈಲ್ ಹಿಡಿ. ನಿನ್ನ ಕೈ ಅಲುಗಾಡಂಗಿಲ್ಲ” ಅಂದ. ನಾನು ಹೋದೆ. ಬೇಟೆಯಾಡಲು ಅಲ್ಲವಲ್ಲ, ವಿಡಿಯೊ ಮಾಡಲು ತಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೊಲ ಸಿಗಲಿಲ್ಲ. ಎರಡು ನಾಯಿ ಬೆನ್ನಟ್ಟಿದವು, ಮೊಲ ಜಾಲಿಯ ಬೇಲಿಯೊಳಗೆ ನುಸುಳಿ ಮಾಯವಾಯಿತು. ಈ ಜಾತಿಯ ನಾಯಿ ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುತ್ತದೆ. ಅಮೆರಿಕದ ಬಯಲಿನಲ್ಲಿ ಕಯೋಟಿಯ ಮೇಲೆ ಬಿಡುವ ಗ್ರೇಹೌಂಡ್ ಬೆರಕೆಗಳೂ ಹಾಗೆಯೇ. ಮುಂದೆ ಓಡುತ್ತಿದ್ದುದು ಕಣ್ಮರೆಯಾದರೆ ಇನ್ನೇನು ಓಡುತ್ತಿದೆ ಎಂದು ನೋಡುತ್ತದೆ. ಅವತ್ತು ಬೇಲಿಯ ಆಚೆ ಕುರಿಹಟ್ಟಿಯೊಂದು ಬೀಡುಬಿಟ್ಟಿತ್ತು. ನಾಯಿಗಳನ್ನು ಕಂಡು ಮರಿಗಳು ಚದುರಿ ಓಡಿದವು. ನಾವು ಕೂಗುತ್ತ ಹೋಗಿ ನಾಯಿಗಳನ್ನು ಎಳೆದುಕೊಳ್ಳುವಷ್ಟರಲ್ಲಿ ಒಂದು ಮರಿಯ ಹಿಂದೊಡೆ ಹರಿದಿತ್ತು. ಅದು ಇನ್ನೂ ಉಸಿರಾಡುತ್ತಿತ್ತು. ನಾಯಿಯ ತಪ್ಪೆಂದು ನಾನು ಹೇಳುವುದಿಲ್ಲ. ಓಡುವುದನ್ನು ಹಿಡಿ ಎಂದು ತಲೆತಲಾಂತರದಿಂದ ತಿದ್ದಿದ ಕಣ್ಣು ಅದರದ್ದು.

ಹುಡುಗರು ನಾಯಿ ಹಿಡಿದುಕೊಂಡು ಹಳ್ಳದ ಕಡೆ ಇಳಿದರು. ಅಣ್ಣ ನನ್ನ ಕಿವಿಯಲ್ಲಿ ಹೇಳಿದ: “ಯಾರರ ಕೇಳಿದ್ರ ನರಿ ಬಂದಿತ್ತು ಅನ್ನು, ತಿಳೀತಿಲ್ಲೊ?” ಹಿಂದೆ ಉಳಿದವನು ನಾನೊಬ್ಬನೇ, ಕೈಯಲ್ಲಿ ಮೊಬೈಲ್ ಹಿಡಿದುಕೊಂಡು. ಹಟ್ಟಿಯ ಅಜ್ಜ ಬಂದ. ಎಪ್ಪತ್ತರ ಆಸುಪಾಸು. ಮರಿಯನ್ನು ಮಗುಚಿ ನೋಡಿದ, ಗಾಯದ ಮೇಲೆ ಬೆರಳಾಡಿಸಿದ. “ಏನಾತ?” ಅಂದ. ನಾನು ನರಿ ಅಂದೆ.

ಅಜ್ಜ ತುಸು ಹೊತ್ತು ಸುಮ್ಮನಿದ್ದು ಅಂದ: “ನರಿ ಬಂದ್ರ ಮರೀನ ಹೊತ್ಕೊಂಡು ಹೊಕ್ಕೈತಿ ತಮ್ಮಾ. ಹಿಂಗ ಹರದು ಚೆಲ್ಲಿ ಹೋಗಂಗಿಲ್ಲ.” ಆಮೇಲೆ ನನ್ನ ಮುಖ ನೋಡಿ, “ಆತು ಬಿಡು. ನೀವು ಓದಿದಾರು. ನೀವು ಅಂದಮ್ಯಾಲ ನರೀನ ಇರಬೇಕು” ಅಂದ.

ಆ ಮಾತಿನ ಕೊನೆಯ ಭಾಗ ನನಗೆ ಸೆಮಿಸ್ಟರ್ ಪರೀಕ್ಷೆಯ ಹಾಲಿನಲ್ಲೂ ಕೇಳಿಸಿದೆ.

ಅಜ್ಜ ಹೇಳಿದ್ದು ಎಷ್ಟು ಸರಿ ಎಂದು ಗೊತ್ತಾದದ್ದು ತಿಂಗಳುಗಳ ನಂತರ, ಕಯೋಟಿಯ ಬಗ್ಗೆ ಓದುವಾಗ. ಅಮೆರಿಕದಲ್ಲಿ ಕುರಿಗಾರರಿಗೆ ಗಾಯ ಓದುವುದನ್ನು ಕಲಿಸುತ್ತಾರೆ. ಕಯೋಟಿ ಸಾಮಾನ್ಯವಾಗಿ ಗಂಟಲಿಗೆ ಬಾಯಿ ಹಾಕಿ ಕೊಂದು ತಿನ್ನುತ್ತದೆ. ಊರನಾಯಿಗಳು ತೊಡೆ, ಪಕ್ಕೆ, ಕಿವಿ ಎಂದು ಸಿಕ್ಕಲ್ಲಿ ಹರಿಯುತ್ತವೆ, ಹಲವನ್ನು ಗಾಯಗೊಳಿಸುತ್ತವೆ, ತಿನ್ನುವುದು ಕಡಿಮೆ. ಅಲ್ಲಿ ಕುರಿಗಳನ್ನು ಕೊಲ್ಲುವ ಪ್ರಾಣಿಗಳ ಲೆಕ್ಕದಲ್ಲಿ ಕಯೋಟಿಯ ನಂತರದ ಸ್ಥಾನ ನಾಯಿಗಳದ್ದೇ. ಆದರೂ ಸತ್ತ ಕುರಿ ಕಂಡರೆ ಮೊದಲು ಹೆಸರು ಕೆಡುವುದು ಕಯೋಟಿಯದು. ಅಲ್ಲಿ ಪುಸ್ತಕದಲ್ಲಿ ಬರೆದಿರುವುದನ್ನು ನಮ್ಮ ಅಜ್ಜ ಬೆರಳಿನಿಂದ ಓದಿದ್ದ.

ನಾನು ಹೇಳಿದ ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ನರಿ ಹಟ್ಟಿಗೆ ನುಗ್ಗಿತಂತೆ ಎಂಬ ಸುದ್ದಿ ಸಂತೆ ದಿನಕ್ಕೆ ನಾಲ್ಕು ಊರಿಗೆ ಹಬ್ಬಿತು. ಎರಡು ವಾರದ ಮೇಲೆ ಪಕ್ಕದ ಊರಿನ ದಿಬ್ಬದಲ್ಲಿ ಸತ್ತ ಆಡಿಗೆ ಯಾರೋ ಬೆಳೆಗೆ ಹೊಡೆಯುವ ಔಷಧಿ ಸವರಿ ಇಟ್ಟರು. ಎರಡು ನರಿ, ಒಂದು ಹಟ್ಟಿನಾಯಿ ಸತ್ತವು. ಅವರು ಇಟ್ಟದ್ದು ನನ್ನ ಮಾತಿನಿಂದಲೇ ಎಂದು ಸಾಬೀತು ಮಾಡಲು ನನ್ನಿಂದಾಗದು. ಅಲ್ಲ ಎಂದು ನಂಬಲೂ ಆಗುತ್ತಿಲ್ಲ. ಅಮೆರಿಕದಲ್ಲಿ ದಶಕಗಳ ಕಾಲ ಸರ್ಕಾರವೇ ಕಯೋಟಿಗೆ ವಿಷ ಇಡುತ್ತಿತ್ತು. ಹದ್ದು, ನಾಯಿ, ಏನೇನೋ ಸತ್ತ ಮೇಲೆ 1972ರಲ್ಲಿ ಅಧ್ಯಕ್ಷ ನಿಕ್ಸನ್ ಕೇಂದ್ರ ಸರ್ಕಾರದ ಜಮೀನುಗಳಲ್ಲಿ ಅದನ್ನು ನಿಲ್ಲಿಸಿದರು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ 1972ರಲ್ಲಿ. ನಮ್ಮ ದಿಬ್ಬಕ್ಕೆ ಎರಡೂ ಇನ್ನೂ ತಲುಪಿಲ್ಲ.

ಕಾಯ್ದೆಯ ಮಾತು ಬಂತು. ನಮ್ಮ ಹುಡುಗರ ವಾದ ಒಂದೇ: ಮೊಲ ಸಿಗಲೇ ಇಲ್ಲವಲ್ಲ, ಬೇಟೆ ಎಲ್ಲಾಯಿತು? ಕಾಯ್ದೆಯನ್ನು ತೆಗೆದು ಓದಿದೆ. ಬೇಟೆ ಎಂಬ ಪದದ ವ್ಯಾಖ್ಯೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ವಿಷ ಹಾಕುವುದು, ಬಲೆ ಒಡ್ಡುವುದು, ಅಟ್ಟಿಸಿಕೊಂಡು ಹೋಗುವುದು, ಇದಕ್ಕೆಲ್ಲ ಪ್ರಯತ್ನ ಪಡುವುದು ಕೂಡ ಸೇರಿದೆ. ನಾಯಿ ಬಿಟ್ಟ ಕ್ಷಣವೇ ಅಪರಾಧ ಆಗಿಹೋಗಿರುತ್ತದೆ. ಅದಕ್ಕೆ ಸಾಕ್ಷಿ ನಮ್ಮದೇ ರೀಲು, ಎಲ್ಲರ ಮುಖವೂ ಸ್ಪಷ್ಟ, ಏಕೆಂದರೆ ಕೈ ಅಲುಗಾಡಿರಲಿಲ್ಲ. ಮರಿಯ ಭಾಗ ಕತ್ತರಿಸಿ, ಮೊಲದ ಹಿಂದೆ ನಾಯಿ ಓಡುವುದಷ್ಟನ್ನೇ ಹಾಡಿಗೆ ಜೋಡಿಸಿದ್ದರು. ಮೂರು ದಿನದಲ್ಲಿ ಹನ್ನೆರಡು ಸಾವಿರ ಜನ ನೋಡಿದರು. ಸರ್ಕಾರಿ ಕೆಲಸಕ್ಕೆ ಓದುತ್ತಿರುವ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೇಮಕಾತಿಗೆ ಮುಂಚೆ ನಡತೆಯ ಪರಿಶೀಲನೆ ಇದೆ. ಅರಣ್ಯ ಇಲಾಖೆಯ ಒಂದು ಕೇಸು ಸಾಕು, ಎರಡು ವರ್ಷ ರಾತ್ರಿ ಹಗಲು ಓಡಿದ್ದು, ಓದಿದ್ದು ನೀರಿಗೆ ಹೋಗಲು. ಪೇದೆಯಾಗಲು ಹೊರಟ ನಮ್ಮಣ್ಣನೇ ಆ ರೀಲಿನ ಹೀರೊ!

ಹೆದರಿಸಿ ಬುದ್ಧಿ ಕಲಿಸುವುದು ನನ್ನ ಉದ್ದೇಶವಲ್ಲ. ಕೇಸಿನ ಭಯದಿಂದ ಮುಖ ಮುಚ್ಚಿಕೊಂಡು ಹೋಗುವವರೂ ಇದ್ದಾರೆ, ಅವರಿಗೆ ಈ ಮಾತಿನಿಂದ ಉಪಯೋಗವಿಲ್ಲ. ಅಮೆರಿಕದವರನ್ನು ನೋಡಿ ಅನುಸರಿಸಿ ಎಂದೂ ಹೇಳುತ್ತಿಲ್ಲ. ಅಲ್ಲಿ ಸರ್ಕಾರಿ ಸಿಬ್ಬಂದಿ ಒಂದರಿಂದಲೇ ವರ್ಷಕ್ಕೆ ಹತ್ತಾರು ಸಾವಿರ ಕಯೋಟಿ ಸಾಯುತ್ತವೆ. ಆದರೂ ಕಯೋಟಿ ಕಡಿಮೆಯಾಗಿಲ್ಲ. ಹವಾಯಿ ಬಿಟ್ಟು ಉಳಿದ ಎಲ್ಲ ರಾಜ್ಯಗಳಲ್ಲೂ ಇದೆ, ಷಿಕಾಗೊದಂಥ ಮಹಾನಗರದ ಒಳಗೂ ಇದೆ, ದಕ್ಷಿಣದಲ್ಲಿ ಪನಾಮಾದವರೆಗೆ ಇಳಿದಿದೆ. ಅಂಥ ಗಟ್ಟಿ ಪ್ರಾಣಿಯ ವಿಷಯದಲ್ಲೂ ಅಲ್ಲಿನ ಜನ ಒಂದು ಗೆರೆ ಎಳೆಯತೊಡಗಿದ್ದಾರೆ. ಯಾರು ಹೆಚ್ಚು ಕಯೋಟಿ ಕೊಂದು ರಾಶಿ ಹಾಕುತ್ತಾರೆ ಎಂಬ ಬಹುಮಾನದ ಸ್ಪರ್ಧೆಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿ, ವರ್ಮಾಂಟ್ 2018ರಲ್ಲಿ, ಅರಿಜೋನಾ ಮತ್ತು ನ್ಯೂ ಮೆಕ್ಸಿಕೊ 2019ರಲ್ಲಿ ನಿಲ್ಲಿಸಿದವು. 2023ರ ಕೊನೆಯಲ್ಲಿ ನ್ಯೂಯಾರ್ಕ್ ಕೂಡ ಸೇರಿತು. ಇದನ್ನು ಬೆಂಬಲಿಸಿದವರಲ್ಲಿ ಬೇಟೆಗಾರರೂ ಇದ್ದರು. ಆ ರಾಶಿಯ ಫೋಟೊ ನಮ್ಮೆಲ್ಲರ ಮುಖಕ್ಕೆ ಮಸಿ ಎಂಬುದು ಅವರ ಮಾತು.

ನಮ್ಮ ಪ್ರಾಣಿಗಳು ಕಯೋಟಿಯಷ್ಟು ಗಟ್ಟಿಯಿಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಿದೆ, 332 ಹೆಕ್ಟೇರ್. ಅದರ ಹೊರಗಿನ ತೋಳ, ನರಿ, ಮೊಲ ಎಲ್ಲ ಬದುಕುವುದು ನಮ್ಮ ನಿಮ್ಮ ಹೊಲದ ಬದುವಿನಲ್ಲಿ, ಕುರುಚಲು ದಿಬ್ಬದಲ್ಲಿ, ದಾಖಲೆಯಲ್ಲಿ ಪಾಳುಭೂಮಿ ಎಂದು ಬರೆದಿರುವ ಕಡೆ. ಅಲ್ಲಿ ಗಾರ್ಡು ಗಸ್ತು ತಿರುಗುವುದಿಲ್ಲ. ಬೆಳಗಿನ ಐದು ಗಂಟೆಗೆ ಅಲ್ಲಿ ಏನು ನಡೆಯುತ್ತದೆ ಎನ್ನುವುದು ಗೊತ್ತಿರುವುದು ನಮ್ಮ ವಯಸ್ಸಿನ ಐದಾರು ಹುಡುಗರಿಗೆ, ಮತ್ತು ಮೊಬೈಲ್ ಹಿಡಿದವನಿಗೆ. ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ, ಕರೆ ಮಾಡಬಹುದು. ಆದರೆ ಅದಕ್ಕೂ ಮುಂಚೆ, ಗುಂಪಿನ ಒಳಗೇ ಒಬ್ಬ ಬೇಡ ಅನ್ನಬಹುದು. ಅದಾಗದಿದ್ದರೆ ಕಡೇಪಕ್ಷ ಮೊಬೈಲನ್ನು ಜೇಬಿಗಿಳಿಸಬಹುದು. ಮೊಬೈಲ್ ಇಲ್ಲದಿದ್ದರೆ ಅವತ್ತು ಅರ್ಧ ಜನ ಬರುತ್ತಲೇ ಇರಲಿಲ್ಲ ಎಂದು ನನ್ನ ಲೆಕ್ಕ.

ಹಾಗೆ ಬೇಡ ಅನ್ನುವವನಿಗೆ ಗುಂಪಿನಲ್ಲಿ ಒಂದು ಹೆಸರಿದೆ: ತಂಟೆಕೋರ. ಎಲ್ಲರೂ ಸುಮ್ಮನಿರುವಾಗ ಇವನೊಬ್ಬ ಯಾಕೆ ಬೊಗಳುತ್ತಾನೆ? ಕಯೋಟಿ ವಿಡಿಯೊ ನೋಡುವಾಗ ನನಗೆ ಹೊಳೆದದ್ದು ಇದೇ. ಬೊಗಳುವ ಕಯೋಟಿ ಬೇಟೆಗಾರನಿಗೆ ತಂಟೆ. ಅದರ ಬಳಗಕ್ಕೆ ಅಲ್ಲ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಹಟ್ಟಿ ಎಲ್ಲಿದೆ ಎಂದು ಕೇಳಿಕೊಂಡು ಹೋದೆ. ಸ್ಕಾಲರ್‌ಶಿಪ್ಪಿನಲ್ಲಿ ಉಳಿಸಿದ ಮೂರು ಸಾವಿರ ರೂಪಾಯಿ ಇತ್ತು, ಮರಿಯ ಬೆಲೆಗೆ ಅದು ಕಡಿಮೆಯೇ. ಅವತ್ತು ಹರಿದದ್ದು ನಮ್ಮ ನಾಯಿ ಎಂದು ಹೇಳಿದೆ. ಅಜ್ಜನಿಗೆ ಆಶ್ಚರ್ಯವೇನೂ ಆಗಲಿಲ್ಲ. ದುಡ್ಡು ಎಣಿಸಿ, ಅರ್ಧ ವಾಪಸ್ ಕೊಟ್ಟು, ಒಂದೇ ಪ್ರಶ್ನೆ ಕೇಳಿದ: “ಈಗರ ಆ ನಾಯಿ ಕಟ್ಟಿ ಹಾಕ್ತಾರಿಲ್ಲೊ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊನ್ನೆ ನಮ್ಮೂರ ಹುಡುಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೆಸೇಜು ಬಂತು: ಕರಿ ದಿನ ಬೆಳಿಗ್ಗೆ ಐದಕ್ಕ, ಹನುಮಪ್ಪನ ಗುಡಿ ಹತ್ರ. ಬರೆದು ಅಳಿಸಿ ಬರೆದು ಅಳಿಸಿ, ಕೊನೆಗೆ ಇಷ್ಟು ಕಳಿಸಿದೆ: “ನಾ ಬರಂಗಿಲ್ಲ. ನೀವೂ ಹೋಗಬ್ಯಾಡ್ರಿ. ಮರಿ ಕೊಂದಿದ್ದು ನಮ್ಮ ನಾಯಿ ಅಂತ ಅಜ್ಜಗ ಹೇಳೀನಿ. ಈ ಸಲ ನಾಯಿ ಬಿಟ್ರ 1926ಕ್ಕ ಫೋನ್ ಮಾಡಾಂವ ನಾನ.” ಐದು ನಿಮಿಷದೊಳಗೆ ಅಣ್ಣ ನನ್ನನ್ನು ಗುಂಪಿನಿಂದ ತೆಗೆದ. ಚಿಕ್ಕಮ್ಮ ಅಮ್ಮನಿಗೆ ಫೋನು ಮಾಡಿ, ನಿಮ್ಮ ಹುಡುಗ ಓದಿ ಬಹಳ ದೊಡ್ಡಾಂವ ಆಗ್ಯಾನ ಅಂದರಂತೆ. ಅಮ್ಮನಿಗೆ ಎಲ್ಲವನ್ನೂ ಇನ್ನೂ ಹೇಳಿಲ್ಲ, ಈ ಪುಟದಲ್ಲಿ ಓದಿದರೆ ಗೊತ್ತಾಗುತ್ತದೆ.

ಅದೇ ರಾತ್ರಿ ಹನ್ನೊಂದೂವರೆಗೆ, ಹೋದ ವರ್ಷ ನಾಯಿಯ ಹಗ್ಗ ಹಿಡಿದಿದ್ದ ಹುಡುಗನೊಬ್ಬ ನನಗೊಬ್ಬನಿಗೇ ಮೆಸೇಜು ಹಾಕಿದ: “ನಮ್ಮ ನಾಯಿ ಕಟ್ಟೀನಿ. ಯಾರಿಗೂ ಹೇಳಬ್ಯಾಡ.”